ಗಾಳವಿಲ್ಲದ ಹಗ್ಗ

ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ 35 ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಮೀನಿನ ಪಾಠವನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕಿವಿರು, ಈಜುರೆಕ್ಕೆ, ಗಾಳಿಚೀಲ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಬಾಣದ ಗುರುತು ಹಾಕುತ್ತಿದ್ದೆ. ಆದರೆ ಜೀವಂತ ಮೀನೊಂದನ್ನು ಕೈಯಾರೆ ಮುಟ್ಟಿದ್ದು 60ನೆಯ ವಯಸ್ಸಿನಲ್ಲಿ, ಅದೂ ಅಮೆರಿಕದ ಟೆಕ್ಸಾಸಿನ ಒಂದು ಹೊಳೆಯಲ್ಲಿ. ನಮ್ಮದು ಮೀನಿನ ಹೆಸರೆತ್ತಿದರೆ ಊಟ ಬಿಟ್ಟೇಳುವ ಮನೆತನ. ನನ್ನ ತಾಯಿ ಬದುಕಿದ್ದರೆ ಈ ಲೇಖನವನ್ನು ಅವಳಿಂದ ಬಚ್ಚಿಡಬೇಕಾಗುತ್ತಿತ್ತು.

2018ರ ಜೂನ್ ತಿಂಗಳಲ್ಲಿ ಆಸ್ಟಿನ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗನಿಗೆ ಆಗ 13 ವರ್ಷ. ಕನ್ನಡ ಅವನಿಗೆ ತಿಳಿಯುತ್ತದೆ, ಆಡಲು ಬಾರದು. ‘ಮುತ್ಯಾ’ ಎಂದು ಕರೆದು ಮುಂದಿನ ಮಾತು ತೋಚದೆ ಸುಮ್ಮನಾಗುವನು. ನಾನೂ ಊಟವಾಯಿತೇ, ಓದಿದೆಯಾ ಎಂದು ಕೇಳಿ ಸುಮ್ಮನಾಗುವೆ. ಹದಿನೈದು ದಿನ ಹೀಗೆಯೇ ಕಳೆಯಿತು. ಕೊನೆಗೆ ಮಗಳೇ ದಾರಿ ಹುಡುಕಿದಳು: “ಅಪ್ಪಾ, ಬಾಜೂ ಮನೀ ಅಜ್ಜಾರು ಶನಿವಾರ ಇವನನ್ನ ಹೊಳೀಗೆ ಕರ್ಕೊಂಡು ಹೊಂಟಾರ. ನೀನೂ ಹೋಗಿ ಬಾ.”

ಆ ನೆರೆಮನೆಯ ಹಿರಿಯರು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಹೊಳೆಯ ಹೆಸರು ಸ್ಯಾನ್ ಗೇಬ್ರಿಯಲ್. ಸುಣ್ಣಗಲ್ಲಿನ ತಳ, ಮೊಣಕಾಲುದ್ದದ ತಿಳಿನೀರು, ದಡದಲ್ಲಿ ಪೆಕಾನ್ ಮರಗಳ ನೆರಳು. ನಮ್ಮ ಭೀಮೆಯ ಕೆಂಪು ಕಲಸುನೀರನ್ನು ಕಂಡ ಕಣ್ಣಿಗೆ ಅದು ಹೊಳೆಯೆಂದೇ ಅನಿಸಲಿಲ್ಲ. ಹಿರಿಯರು ಬೆರಳು ತೋರಿಸಿದ ಕಡೆ ನಾನು ಕಂಡದ್ದು ಮೇಲ್ಮೈಗೆ ಸಮನಾಗಿ ನಿಂತ ನಾಲ್ಕೈದು ಕಟ್ಟಿಗೆ ತುಂಡುಗಳನ್ನು. ಅವುಗಳಲ್ಲೊಂದು ಮಗ್ಗುಲಾಗಿ ಬಾಯಿ ತೆರೆದು ಗಾಳಿ ನುಂಗಿ ಮತ್ತೆ ಮುಳುಗಿತು. ಆಗ ತಿಳಿಯಿತು, ಅವು ಮೀನುಗಳು!

ಅದರ ಹೆಸರು ಗಾರ್. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಈಟಿ ಎಂದರ್ಥ. ಏಳು ಜಾತಿಗಳು ಈಗ ಉಳಿದಿವೆ. ನಾವು ನೋಡಿದ್ದು ಉದ್ದಮೂತಿಯ ಗಾರ್. ಮೂತಿಯ ಉದ್ದವೇ ತಲೆಯ ಉಳಿದ ಭಾಗದ ಎರಡು ಪಟ್ಟಿಗಿಂತ ಹೆಚ್ಚು. ಅದರ ತುಂಬ ಸೂಜಿಯಂಥ ಹಲ್ಲು. ಮೈಮೇಲೆ ಸಾಮಾನ್ಯ ಮೀನಿನಂತೆ ತೆಳುವಾದ ಹುರುಪೆಯಿಲ್ಲ. ಹಲ್ಲಿನ ಮೇಲಿರುವಂಥ ಗಟ್ಟಿ ಲೇಪವುಳ್ಳ, ಶಂಕರಪೋಳಿಯ ಆಕಾರದ ಎಲುಬಿನ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಅಲ್ಲಿನ ಮೂಲನಿವಾಸಿಗಳು ಆ ಬಿಲ್ಲೆಗಳನ್ನು ಬಾಣದ ಮೊನೆಗೆ ಬಳಸುತ್ತಿದ್ದರು. ಹೊಸದಾಗಿ ನೆಲೆಸಿದ ರೈತರು ಮರದ ನೇಗಿಲಿಗೆ ಅದರ ತೊಗಲನ್ನು ಹೊದಿಸುತ್ತಿದ್ದರೆಂದು ಹೇಳುತ್ತಾರೆ. ಇದರ ಗಾಳಿಚೀಲ ತೇಲುವುದಕ್ಕಷ್ಟೇ ಅಲ್ಲ, ರಕ್ತನಾಳಗಳು ಹೆಣೆದುಕೊಂಡು ಪುಪ್ಪುಸದ ಕೆಲಸವನ್ನೂ ಮಾಡುತ್ತದೆ. ಬೇಸಿಗೆಯಲ್ಲಿ ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಬೇರೆ ಮೀನುಗಳು ಒದ್ದಾಡಿದರೆ ಇದು ಮೇಲೆ ಬಂದು ಉಸಿರಾಡಿ ಹೋಗುತ್ತದೆ. ಮೊಟ್ಟೆ ಮಾತ್ರ ಮನುಷ್ಯರಿಗೆ ವಿಷ. 35 ವರ್ಷ ನಾನು ಬಾಣದ ಗುರುತು ಹಾಕಿ ತೋರಿಸಿದ ಗಾಳಿಚೀಲಕ್ಕೆ ಇಂಥ ಕೆಲಸವೂ ಉಂಟೆಂದು ಒಮ್ಮೆಯೂ ಹೇಳಿದವನಲ್ಲ.

ಹಿರಿಯರು ಬಳಸಿದ್ದು ಫ್ಲೈ ಫಿಶಿಂಗ್ ಎಂಬ ವಿಧಾನ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ಮುಂದೆ ಹೋಗುತ್ತದೆ. ಇದರಲ್ಲಿ ಗುಂಡಿಲ್ಲ. ದಾರವೇ ದಪ್ಪ, ದಾರಕ್ಕೇ ಭಾರ. ಒಂಬತ್ತು ಅಡಿಯ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಚಾವಟಿಯಂತೆ ಬಿಚ್ಚಿಕೊಂಡು, ತುದಿಯಲ್ಲಿರುವ ಹಗುರವಾದ ಹುಸಿನೊಣವನ್ನು ಹೂವಿನಂತೆ ನೀರಿಗಿಳಿಸುತ್ತದೆ. ಆದರೆ ಗಾರ್‌ನ ಮೂತಿ ಪೂರಾ ಎಲುಬು, ಕೊಕ್ಕೆ ನಾಟುವುದೇ ಇಲ್ಲ. ಅದಕ್ಕಾಗಿ ಹಿರಿಯರು ಗೇಣುದ್ದದ ಬಿಳಿ ನೈಲಾನ್ ಹಗ್ಗದ ಎಳೆಗಳನ್ನು ಬಿಡಿಸಿ, ಬಾಚಣಿಗೆಯಿಂದ ಬಾಚಿ, ಕೊಕ್ಕೆಯೇ ಇಲ್ಲದೆ ತಂತಿಯ ತುಂಡಿಗೆ ಕಟ್ಟಿದ್ದರು. ಸಣ್ಣ ಮೀನೆಂದು ಗಾರ್ ಅದನ್ನು ಕಚ್ಚುತ್ತದೆ. ಕಚ್ಚಿದ ಕೂಡಲೆ ಎಳೆಯಬಾರದು, ದಾರವನ್ನು ಸಡಿಲ ಬಿಡಬೇಕು. ಅದು ತಲೆ ಕೊಡವಿದಷ್ಟೂ ನೂರಾರು ಎಳೆಗಳು ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ.

ಮೊಮ್ಮಗನ ಮೊದಲ ಹತ್ತು ಬೀಸು ಅವನ ಟೊಪ್ಪಿಗೆಗೂ ಪೆಕಾನ್ ಮರಕ್ಕೂ ಸಂದವು. ಹನ್ನೊಂದನೆಯದೋ ಹನ್ನೆರಡನೆಯದೋ ನೀರಿಗೆ ಬಿತ್ತು. ‘ಕಟ್ಟಿಗೆ’ಯೊಂದು ಮೆಲ್ಲನೆ ತಿರುಗಿ, ಮೂತಿಯನ್ನು ಪಕ್ಕಕ್ಕೆ ಬೀಸಿ ಕಚ್ಚಿತು. ಮೂರಡಿಯ ಮೀನು. ಹುಡುಗ ಅದನ್ನು ದಡಕ್ಕೆ ತರುವಷ್ಟರಲ್ಲಿ ಬೆವತು ಹೋಗಿದ್ದ. ಹಿರಿಯರು ದಪ್ಪ ಕೈಗವಸು ತೊಟ್ಟು, ಇಕ್ಕಳದಿಂದ ಹಲ್ಲುಗಳ ನಡುವಿನ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. “ಮುತ್ಯಾ, ಹಿಡೀ!” ಎಂದ ಮೊಮ್ಮಗ. ನಾನು ಪ್ಯಾಂಟು ಮಡಚಿ ನೀರಿಗಿಳಿದು ಎರಡೂ ಕೈಯಿಂದ ಹಿಡಿದೆ. ಮುಟ್ಟಿದರೆ ಕಲ್ಲು, ಒಳಗೆ ಜೀವ.

ಬಾಚಿದ ಆ ಬಿಳಿ ಎಳೆಗಳನ್ನು ಹಲ್ಲಿನಲ್ಲಿ ಕಂಡ ಕ್ಷಣ ನನಗೆ ಒಂದು ಸಂಗತಿ ನೆನಪಾಯಿತು. ಇಲ್ಲಿಯವರೆಗೆ ಬರೆದದ್ದು ಅದನ್ನು ಹೇಳಲಿಕ್ಕಾಗಿಯೇ.

1986ರ ಮಳೆಗಾಲ. ಭೀಮಾ ದಂಡೆಯ ಊರಿನ ಶಾಲೆಯಲ್ಲಿದ್ದೆ. ಆರನೆಯ ಇಯತ್ತೆಯಲ್ಲಿ ಅಂಬಿಗರ ಹುಡುಗನೊಬ್ಬನಿದ್ದ. ಹೊಳೆಗೆ ನೀರು ಬಂದರೆ ವಾರಕ್ಕೆ ಮೂರು ದಿನ ಶಾಲೆಗೆ ಬರುತ್ತಿರಲಿಲ್ಲ. ‘ಕೆಲಸಕ್ಕೆ ಬಾರದವನು’ ಎಂದು ತರಗತಿಯ ಎದುರಿಗೇ ನಾನು ಅವನನ್ನು ಜರೆದದ್ದುಂಟು. ಮೀನಿನ ಪಾಠ ಮುಗಿದ ಮರುದಿನ ಅವನು ಪಾಟಿಚೀಲದಲ್ಲಿ ಒದ್ದೆ ಬಟ್ಟೆಯ ಗಂಟೊಂದನ್ನು ತಂದ. ಬಿಚ್ಚಿದರೆ ಗೇಣುದ್ದದ, ಕೊಕ್ಕರೆಯಂಥ ಕೊಕ್ಕಿನ ಮೀನು. ಹಲ್ಲಿಗೆ ಬಲೆಯ ನೂಲು ಇನ್ನೂ ಸಿಕ್ಕಿಕೊಂಡಿತ್ತು. “ಸರ, ಇದರ ಬಾಯಿ ನೋಡ್ರಿ, ನೀವು ಬರೆದ ಮೀನದಾಂಗ ಇಲ್ಲ” ಎಂದ. ತರಗತಿ ಘೊಳ್ಳೆಂದು ನಕ್ಕಿತು. ನನಗೆ ವಾಸನೆಗೆ ಹೊಟ್ಟೆ ತೊಳಸಿತು. ಅಂಗೈಗೆ ಎರಡು ಏಟು ಕೊಟ್ಟು, ಮೀನನ್ನು ತಿಪ್ಪೆಗೆ ಎಸೆಯಿಸಿ, ಬೆಂಚು ತೊಳೆಯಿಸಿದೆ. ಅದೇ ವಾರ ಕನ್ನಡದ ಶಿಕ್ಷಕರು ರಜೆಯಲ್ಲಿದ್ದುದರಿಂದ ಅಂಬಿಗರ ಚೌಡಯ್ಯನ ಪಾಠವನ್ನು ನಾನೇ ಮಾಡಿದ್ದೆ, ಕಾಯಕದ ಘನತೆಯ ಬಗ್ಗೆ ಭಾವಪೂರ್ಣವಾಗಿಯೇ. ಹುಡುಗ ದೀಪಾವಳಿಯ ಬಳಿಕ ಶಾಲೆ ಬಿಟ್ಟ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳ ಗಣಕಯಂತ್ರದ ಮುಂದೆ ಕುಳಿತು ಓದಿದೆ. ಹುಡುಗ ತಂದಿದ್ದು ಜೆನೆಂಟೊಡಾನ್ ಕ್ಯಾನ್ಸಿಲಾ. ನೋಡಲು ಗಾರ್‌ನಂತಿದ್ದರೂ ಸಂಬಂಧದಲ್ಲಿ ಅದು ಹಾರುಮೀನುಗಳಿಗೆ ಹತ್ತಿರ. ಎರಡು ಬೇರೆ ಬೇರೆ ಕುಲಗಳು ಒಂದೇ ಬಗೆಯ ಮೂತಿಯನ್ನು ಪಡೆದಿವೆ. ಜೀವವಿಕಾಸದ ಇಡೀ ಪಾಠವೊಂದು ಆ ಒದ್ದೆ ಬಟ್ಟೆಯಲ್ಲಿ ನನ್ನ ಮೇಜಿನ ಮೇಲೆ ಬಿದ್ದಿತ್ತು. ನಿಜವಾದ ಗಾರ್ ಕೂಡ ನಮಗೆ ಪರಕೀಯವಲ್ಲ. ಚಂದ್ರಪುರ ಜಿಲ್ಲೆಯ ಡೊಂಗರಗಾಂವದ ಶಿಲೆಗಳಲ್ಲಿ ದೊರೆತ ಅದರ ಅವಶೇಷಗಳಿಗೆ 1908ರಲ್ಲಿ ವುಡ್‌ವರ್ಡ್ ಎಂಬ ವಿಜ್ಞಾನಿ ಲೆಪಿಸೋಸ್ಟಿಯಸ್ ಇಂಡಿಕಸ್ ಎಂದು ಹೆಸರಿಟ್ಟರು. ನಮ್ಮ ಹೊಲಗಳ ಕೆಳಗಿನ ಕರಿಗಲ್ಲು ಲಾವಾ ಆಗಿ ಹರಿದ ಕಾಲದಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಗಾರ್ ನಮ್ಮ ನೆಲದ ನೀರಿನಲ್ಲಿತ್ತು. ಬೆಳಗ್ಗೆ ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಮೊದಲ ಬಾರಿಗೆ ಅಕ್ಕಲಕೋಟದ ಬಗ್ಗೆ ತಾನಾಗಿ ಪ್ರಶ್ನೆ ಕೇಳಿದ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಮಧ್ಯಾಹ್ನದವರೆಗೆ ಮಾತಾಡಿದೆವು.

ಟೆಕ್ಸಾಸಿನಲ್ಲಿಯೂ ಗಾರ್ ಬಹುಕಾಲ ಕೆಲಸಕ್ಕೆ ಬಾರದ ಮೀನೇ ಆಗಿತ್ತು. ಒಳ್ಳೆಯ ಮೀನುಗಳನ್ನು ತಿನ್ನುತ್ತದೆಂದು ದೂರಿ, 1930ರ ದಶಕದಲ್ಲಿ ಸರಕಾರವೇ ವಿದ್ಯುತ್ ಹರಿಸಿ ಅದನ್ನು ಕೊಲ್ಲುವ ದೋಣಿ ನಡೆಸಿತು. 2009ರಿಂದ ಅದೇ ಸಂಸ್ಥಾನದಲ್ಲಿ ಮೊಸಳೆಮೂತಿಯ ಗಾರ್ ದಿನಕ್ಕೆ ಒಂದಕ್ಕಿಂತ ಹೆಚ್ಚು ಹಿಡಿಯಬಾರದೆಂದು ನಿಯಮವಾಯಿತು.

ಅಕ್ಟೋಬರಿನಲ್ಲಿ ಊರಿಗೆ ಮರಳಿದವನು ಆ ಹಗ್ಗದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಭೀಮಾ ದಂಡೆಯ ಊರಿಗೆ ಹೋದೆ. ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಹೊಳೆಯಲ್ಲಿ ನೀರಿದ್ದಾಗ ಬಲೆ, ಇಲ್ಲದಾಗ ಗೌಂಡಿ ಕೆಲಸ. ತಲೆ ನರೆತಿತ್ತು. “ಬರ್ರಿ ಸರ, ಕುಂದರ್ರಿ” ಎಂದು ಹೊರಸು ಹಾಕಿದ. ನಾನು ತಪ್ಪಾಯಿತೆಂದು ಹೇಳಬೇಕೆಂದಿದ್ದ ಮಾತನ್ನು ಹೇಗೋ ಹೇಳಿದೆ. ಅವನು ಬಹಳ ಹೊತ್ತು ನೆಲ ನೋಡಿದ.

“ಹೊಡೆದದ್ದು ನೆನಪಿಲ್ರಿ ಸರ. ಎಲ್ಲಾರೂ ಹೊಡೀತಿದ್ರು. ಮೀನ ತಿಪ್ಪ್ಯಾಗ ಒಗಸಿದ್ದು ನೆನಪೈತಿ.”

ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಜೇಬಿನಿಂದ ಹಗ್ಗ ತೆಗೆದು ಟೆಕ್ಸಾಸಿನ ಕಥೆ ಹೇಳಿದೆ. ಅವನು ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ ಕೇಳಿದ: “ಬಿಡಿಸೂದು ಹ್ಯಾಂಗ್ರಿ? ಒಂದು ಎಳಿ ಉಳಿದ್ರೂ ಬಾಯಿ ತೆರೀಲಾಕ ಬರಂಗಿಲ್ಲ, ಉಪವಾಸ ಸಾಯ್ತೈತಿ.” ಆ ಹಿರಿಯರು ಹತ್ತು ನಿಮಿಷ ಇಕ್ಕಳ ಹಿಡಿದು ಕುಳಿತದ್ದು ಇದೇ ಕಾರಣಕ್ಕೆ, ಮನೆಗೆ ಮರಳುವಾಗ ಮೊಮ್ಮಗನಿಗೆ ವಿವರಿಸಿದ ಮೇಲೆಯೇ ಅದು ನನಗೆ ತಿಳಿದದ್ದು.

ಏಳನೆಯ ಇಯತ್ತೆಯಲ್ಲಿ ಓದುವ ಅವನ ಮಗಳು ಬಾಗಿಲಲ್ಲಿ ನಿಂತಿದ್ದಳು. ಅದೇ ಕನ್ನಡ ಶಾಲೆ. ತರಗತಿಯಲ್ಲಿ ಈಗ ಹನ್ನೊಂದು ಮಕ್ಕಳಂತೆ. “ಈ ಹಗ್ಗಕ್ಕ ನಮ್ಮ ಹೊಳೀ ಮೀನ ಬೀಳ್ತೈತೇನಪ್ಪಾ?” ಎಂದಳು. ಬೀಳಲಾರದು, ನಮ್ಮದರ ಹಲ್ಲು ಸಣ್ಣ, ರೇಷ್ಮೆಯ ಎಳೆಯೇ ಬೇಕು ಎಂದು ಅವನು ಹೇಳತೊಡಗಿದ. ಆ ಮೀನು ಯಾವ ತಿಂಗಳಲ್ಲಿ ಯಾವ ಮಡುವಿನಲ್ಲಿ ನಿಲ್ಲುತ್ತದೆ, ಏನನ್ನು ತಿನ್ನುತ್ತದೆ, ಬಲೆಗೆ ಬಿದ್ದಾಗ ಹೇಗೆ ತಿರುಚಿಕೊಳ್ಳುತ್ತದೆ ಎಂದೆಲ್ಲ ವಿವರಿಸಿದ. ನಾನು ವಹಿ ತಂದಿರಲಿಲ್ಲ. ಹುಡುಗಿಯಿಂದ ಅವಳ ನೋಟುಬುಕ್ಕಿನ ಎರಡು ಹಾಳೆ ಕೇಳಿ ಪಡೆದು ಬರೆದುಕೊಂಡೆ. ಸಂಜೆಯ ಬಸ್ಸು ತಪ್ಪಿತು.