ಎರಡು ನಿಮಿಷದ ಮಾತು

ಅಣ್ಣನ ಮಗ ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ನೆಲೆಸಲು, ಅರ್ಜಿ ಹಾಕುವವನಿದ್ದಾನೆ. ಬೆಳಗಿನಿಂದ ರಾತ್ರಿವರೆಗೆ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಜಗಳವಾಡುವ ಹುಡುಗ. ಆದರೂ ಅವನಿಗೆ ಇಂಗ್ಲಿಷ್ ಬರುತ್ತದೆ ಅಂತ ಐಇಎಲ್‌ಟಿಎಸ್ ಎಂಬ ಪರೀಕ್ಷೆ ಹೇಳಬೇಕು. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಈ ಪಿಆರ್ ದಾರಿಯಲ್ಲಿ ಲಂಡನ್ನಿನಲ್ಲಿ ಹುಟ್ಟಿದವನಿಗೂ ಇದೇ ಗತಿ. ಅಂಕಪಟ್ಟಿಗೆ 2 ವರ್ಷ ಆಯಸ್ಸು. ಆಮೇಲೆ ಕಲಿತ ಭಾಷೆ ಮೊಸರಿನ ಹಾಗೆ ಹುಳಿಯಾಗುತ್ತದೋ ಏನೋ.

ಅವನ ಲೆಕ್ಕದಲ್ಲಿ ಓದು, ಬರಹ, ಮಾತಿಗೆ 7 ಬ್ಯಾಂಡ್ ಸಾಕು, ಕೇಳುವುದಕ್ಕೆ ಮಾತ್ರ 8 ಬೇಕು. ಅಡುಗೆಮನೆಯಲ್ಲಿದ್ದ ಅತ್ತಿಗೆ ಜೋರಾಗಿ ನಕ್ಕರು.

ಭಾನುವಾರ ನನ್ನನ್ನೇ ಪರೀಕ್ಷಕನಾಗಿ ಕೂರಿಸಿದ. ಚೀಟಿ ಕೊಡಬೇಕು, ಒಂದು ನಿಮಿಷ ಯೋಚಿಸಲು ಬಿಡಬೇಕು, ಮಾತು ಎರಡು ನಿಮಿಷ ದಾಟಿದರೆ ತಡೆಯಬೇಕು. ನಾನು ಕೊಟ್ಟ ಚೀಟಿ: ನೆನಪಿನಲ್ಲುಳಿದ ಒಂದು ಊಟ. ಹುಡುಗ ಅಜ್ಜಿಯ ಊರಿನ ಬಸ್ಸಿನಿಂದ ಶುರು ಮಾಡಿದ. ಬಸ್ಸು ಕೆಟ್ಟಿತು, ಕಂಡಕ್ಟರ್ ಬೈದ, ಅಂತೂ ಊರು ಮುಟ್ಟಿ, ಕೈಕಾಲು ತೊಳೆದು ಎಲೆ ಮುಂದೆ ಕೂತಾಯಿತು, ತುದಿಗೆ ಉಪ್ಪು ಬಿತ್ತು. ಟೈಮ್ ಮುಗಿಯಿತು.

"ಚಿಕ್ಕಪ್ಪ, ಇನ್ನೂ ಅನ್ನಾನೇ ಬಡಿಸಿಲ್ಲ!"

"ಉಪ್ಪಿಗೇ ಮುಗೀತು ಕಣೋ."

ತಪ್ಪು ಅವನದಲ್ಲ. ನಮ್ಮ ಮನೆಯಲ್ಲಿ ಊಟದ ಕಥೆಯನ್ನು ಯಾರೂ ಊಟದಿಂದ ಶುರು ಮಾಡಿದ್ದಿಲ್ಲ.

ಬರವಣಿಗೆಯದು ಬೇರೆ ಫಜೀತಿ. ಪಕ್ಕದ ಮನೆಯ ಗಲಾಟೆ ಬಗ್ಗೆ 150 ಪದಕ್ಕೆ ಕಮ್ಮಿಯಿಲ್ಲದ ಕಾಗದ ಬರಿ ಅಂದರೆ? "ರೀ, ಸ್ವಲ್ಪ ಟೀವಿ ಸಣ್ಣಗೆ ಮಾಡ್ರೀ" ಎಂದು ಕಾಂಪೌಂಡಿನಾಚೆ ಕೂಗಿದರೆ ಐದು ಪದ. ಉಳಿದ 145 ಎಲ್ಲಿಂದ ತರೋದು?

ಹುಡುಗನಿಗೆ ಸಮಾಧಾನವಾಗಲಿ ಎಂದು ಎಗಾನ್ ಕಿಶ್‌ನ ಕಥೆ ತೆಗೆದೆ. 1901ರಲ್ಲಿ ಆಸ್ಟ್ರೇಲಿಯಾ ಒಂದು ಕಾಯ್ದೆ ಮಾಡಿತು: ಒಳಗೆ ಬರುವವನಿಗೆ ಯಾವುದಾದರೊಂದು ಐರೋಪ್ಯ ಭಾಷೆಯಲ್ಲಿ 50 ಪದದ ಉಕ್ತಲೇಖನ. ಬಣ್ಣದ ಮಾತೆತ್ತದೆ ಏಷ್ಯಾದವರನ್ನು ಹೊರಗಿಡುವ ಉಪಾಯ ಅದು. 1934ರಲ್ಲಿ ಹಿಟ್ಲರನ ವಿರುದ್ಧ ಭಾಷಣ ಮಾಡಲು ಪ್ರಾಗ್‌ನ ಪತ್ರಕರ್ತ ಕಿಶ್ ಬಂದ. ಇಳಿಯಗೊಡಲಿಲ್ಲ ಎಂದು ಮೆಲ್ಬರ್ನಿನಲ್ಲಿ ಹಡಗಿನಿಂದ ಧುಮುಕಿ ಕಾಲು ಮುರಿದುಕೊಂಡ. ಆಸಾಮಿಗೆ ಹಲವು ಭಾಷೆ ಬರುತ್ತಿದ್ದವು. ಅಧಿಕಾರಿಗಳು ಹುಡುಕಿ ಹುಡುಕಿ ಸ್ಕಾಟಿಷ್ ಗೇಲಿಕ್ ತಂದರು, ಫೇಲ್ ಮಾಡಿದರು. ಕೇಸು ಹೈಕೋರ್ಟಿಗೆ ಹೋಯಿತು. ಕಾಯ್ದೆಯ ಅರ್ಥದಲ್ಲಿ ಗೇಲಿಕ್ ಐರೋಪ್ಯ ಭಾಷೆಯೇ ಅಲ್ಲ ಎಂದಿತು ಕೋರ್ಟು. ಕಿಶ್ ಗೆದ್ದ, ಸ್ಕಾಟ್ಲೆಂಡ್ ಮೂಲದವರು ಕೋರ್ಟಿನ ಮೇಲೆ ಹರಿಹಾಯ್ದರು. ಆ ಉಕ್ತಲೇಖನ ತೊಲಗಿದ್ದು 1958ರಲ್ಲಿ.

ಹುಡುಗ ಫೋನ್ ನೋಡಿದ.

"ಚಿಕ್ಕಪ್ಪ, ನಿಮ್ದು ಹನ್ನೊಂದು ನಿಮಿಷ ಆಯ್ತು."