ಯಂತ್ರವು ಶೋಧಿಸಲಾರದ ಭಾರ

ನಮ್ಮ ಶಾಲೆಗೆ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಮನೆಯ ಕಷ್ಟವನ್ನು ಬಾಯಿಗಿಂತ ಮೊದಲು ಹಾಜರಿ ಪುಸ್ತಕವೇ ಹೇಳುವುದೆಂದು ಅನುಭವದಿಂದ ನಾವು ಬಲ್ಲೆವು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಒಂದು ವರ್ಷ ವಾರಕ್ಕೆ ಮೂರು ದಿವಸ ನೇಮ ತಪ್ಪದೆ ಗೈರುಹಾಜರಾಗತೊಡಗಿದಳು. ವಿಚಾರಿಸಲಾಗಿ, ನೇಕಾರರಾದ ಅವಳ ತಂದೆಯ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದು, ತಾಯಿಯು ಅವರನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವ ದಿನ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿರಬೇಕಾಗಿತ್ತೆಂದು ತಿಳಿಯಿತು.

ಈ ಚಿಕಿತ್ಸೆಯ ಉಪಕಾರವು ಸಣ್ಣದಲ್ಲ. 1943ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ವೈದ್ಯ ವಿಲ್ಲೆಮ್ ಕೋಲ್ಫ್‌ರು ಕೃತಕ ಮೂತ್ರಪಿಂಡವನ್ನು ರಚಿಸಿದರು. 1960ರಲ್ಲಿ ಅಮೇರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್‌ರು ರೋಗಿಯನ್ನು ಯಂತ್ರಕ್ಕೆ ಮೇಲಿಂದ ಮೇಲೆ ಜೋಡಿಸುವ ಉಪಾಯವನ್ನು ಕಂಡುಹಿಡಿದ ಮೇಲೆ ವರ್ಷಾನುಗಟ್ಟಲೆ ಬದುಕುವುದು ಸಾಧ್ಯವಾಯಿತು. ಬಡವರಿಗೆ ಉಚಿತ ಡಯಾಲಿಸಿಸ್ ದೊರಕಿಸುವ ರಾಷ್ಟ್ರೀಯ ಕಾರ್ಯಕ್ರಮವು ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾಯಿತು.

ಆದರೆ ಹೀಗೆ ಉಳಿದ ಜೀವಕ್ಕೆ ಕಠಿಣವಾದ ನೇಮಗಳುಂಟು. ಸಾಮಾನ್ಯವಾಗಿ ವಾರಕ್ಕೆ ಮೂರು ಸಾರೆ, ಸುಮಾರು ನಾಲ್ಕು ತಾಸು ಯಂತ್ರದ ಬಳಿ ಮಲಗಿರಬೇಕು. ನಮ್ಮ ಕಡೆಯ ಬೇಸಗೆಯಲ್ಲಿಯೂ ನೀರನ್ನು ಅಳೆದು ಕುಡಿಯಬೇಕು. ಎಳನೀರು, ಬಾಳೆಹಣ್ಣುಗಳಿಗೂ ವೈದ್ಯರ ಅಪ್ಪಣೆ ಬೇಕು. ಸೂಜಿ ಚುಚ್ಚುವ ಕೈಯಿಂದ ಭಾರವನ್ನು ಎತ್ತಬಾರದು. ಮಗ್ಗದ ಮೇಲೆ ಬಾಳಿದವರಿಗೆ ಇದೊಂದೇ ಸಾಕು ಎದೆಗುಂದಲು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸುಮಾರು ನಾಲ್ವರಿಗೊಬ್ಬರು ಖಿನ್ನತೆಯಿಂದ ಬಳಲುವರೆಂದು ಸಂಶೋಧಕರು ಕಂಡಿದ್ದಾರೆ. ನಿದ್ರೆ ಬಾರದಿರುವುದು, ಅನ್ನ ಸೇರದಿರುವುದು, ಸದಾ ಆಯಾಸ, ಇವು ಮೂತ್ರಪಿಂಡದ ರೋಗದ ಲಕ್ಷಣಗಳೂ ಹೌದು, ಖಿನ್ನತೆಯ ಲಕ್ಷಣಗಳೂ ಹೌದು. ಆದಕಾರಣ ಮನಸ್ಸಿನ ಬೇನೆಯು ದೇಹದ ಬೇನೆಯ ಮರೆಯಲ್ಲಿ ಅಡಗಿಬಿಡುತ್ತದೆ.

ಆ ಬಾಲಿಕೆಯ ತಾಯಿಯು ಒಂದು ದಿನ ನಮ್ಮಲ್ಲಿಗೆ ಬಂದು ಗಂಡನ ಮಾತನ್ನು ತಿಳಿಸಿದರು: “ನನ್ನ ಸಲುವಾಗಿ ಮಗಳ ಸಾಲಿ ಬಿಡಸೂದು ಬ್ಯಾಡ. ನಾನೇ ಮಷೀನಿಗೆ ಹೋಗೂದು ಬಿಡತೀನಿ.” ಇದು ಮಗಳ ಮೇಲಿನ ಮಮತೆಯ ಮಾತೆಂದು ಆ ತಾಯಿಯು ಕಣ್ಣೀರಿಟ್ಟರು. ಮಮತೆಯೇನೋ ಇತ್ತು. ಆದರೆ ಮೂತ್ರಪಿಂಡಗಳು ಪೂರ್ಣವಾಗಿ ನಿಂತವರು ಡಯಾಲಿಸಿಸ್ ಬಿಟ್ಟರೆ ಬಹುಶಃ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಪ್ರಾಣ ಹೋಗುವುದು. ತಾನು ಮನೆಗೆ ಹೊರೆಯೆಂಬ ಈ ಭಾವನೆಯು ಖಿನ್ನತೆಯ ಧ್ವನಿಯಾಗಿರಬಹುದೆಂದು ವಿವರಿಸಿ, ಅದೇ ದಿನ ಆಸ್ಪತ್ರೆಯ ವೈದ್ಯರಿಗೆ ಮರೆಮಾಚದೆ ಹೇಳಿರೆಂದು ಅವರನ್ನು ಕಳುಹಿದೆವು. ವೈದ್ಯರು ಮನೋವೈದ್ಯರನ್ನೂ ಕೂಡಿಸಿಕೊಂಡು ಮಾತಿನಿಂದಲೂ ಔಷಧದಿಂದಲೂ ಉಪಚರಿಸಿದರು. ಇಂಥ ರೋಗಿಗಳಿಗೆ ಔಷಧದ ಪ್ರಮಾಣವನ್ನು ಮೂತ್ರಪಿಂಡದ ಸ್ಥಿತಿ ನೋಡಿಯೇ ಗೊತ್ತುಪಡಿಸಬೇಕು. ಅಂಗಡಿಯಿಂದ ತಾವಾಗಿ ತಂದು ನುಂಗಬಾರದು.

ನೆರೆಮನೆಯಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಮೂರು ದಿನ ಚಿಕ್ಕ ಮಗುವನ್ನು ತನ್ನಲ್ಲಿರಿಸಿಕೊಂಡಳು. ಬಾಲಿಕೆಯು ತರಗತಿಗೆ ಮರಳಿದಳು. ತಂದೆಯು ಯಂತ್ರವನ್ನು ಬಿಡಲಿಲ್ಲ. ದುಃಖವೆಲ್ಲ ತೀರಿತೆಂದು ನಾವು ಹೇಳಲಾರೆವು. ಕೆಲವು ತಿಂಗಳ ಮೇಲೆ ಅವರು ಮಗ್ಗದ ಬಳಿ ಕುಳಿತು ಮಗನಿಗೆ ನೂಲಿನ ಎಣಿಕೆಯನ್ನು ಕಲಿಸತೊಡಗಿದರೆಂದು ಕೇಳಿ ಸಂತೋಷಪಟ್ಟೆವು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪಾಲಕರೇ, ನಿಮ್ಮ ಓಣಿಯಲ್ಲಿಯೂ ಇಂಥವರು ಇದ್ದಾರು. “ಇನ್ನೆಷ್ಟು ದಿನ ಹೀಗೆ?” ಎಂದು ಅವರೆದುರಿನಲ್ಲಿ ಕೇಳದಿರಿ. ಒಂದು ಸಾರೆಯಾದರೂ ಜೊತೆಗೆ ಹೋಗಿ ಆ ನಾಲ್ಕು ತಾಸು ಕುಳಿತುಬನ್ನಿ. ಬದುಕು ಬೇಡವಾಗಿದೆಯೇ ಎಂದು ಸಲುಗೆಯಿಂದ, ನೇರವಾಗಿ ಕೇಳಲು ಅಂಜಬೇಡಿರಿ. ಕೇಳುವುದರಿಂದ ಆ ಯೋಚನೆಯು ಹುಟ್ಟುವುದಿಲ್ಲ, ಒಳಗಿದ್ದರೆ ಹೊರಬರುವುದು. ಹೌದೆಂದರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯು 14416 ಎಂಬ ದೂರವಾಣಿಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಈ ಸಂಖ್ಯೆಯನ್ನು ಅಡಿಗೆಮನೆಯ ಗೋಡೆಯ ಮೇಲೆ ಇಂದೇ ಬರೆದಿಡಿರಿ.