ಲಕ್ಷ್ಮಣ್ ಹೋದ ವರ್ಷ

2011ರ ಜನವರಿ 8 ಮತ್ತು 9, ಶನಿವಾರ ಭಾನುವಾರ. ಆಗ ಬ್ಯಾಂಕಿನವರಿಗೆ ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ಟಿವಿ ಮುಂದೆ ಕೂತವನು ಭಾನುವಾರ ಸಂಜೆವರೆಗೂ ಹೆಚ್ಚುಕಡಿಮೆ ಅಲ್ಲೇ ಇದ್ದೆ. ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಆಟಗಾರರ ಹರಾಜು ನಡೆಯುತ್ತಿತ್ತು. "ದನದ ಜಾತ್ರೆ ನೋಡೋ ಹಾಗೆ ಬಾಯಿಬಿಟ್ಕೊಂಡು ನೋಡ್ತಿದೀರಲ್ಲ" ಎಂದು ನಮ್ಮಾಕೆ ಎರಡು ಸಲ ಹೇಳಿ, ಮೂರನೇ ಸಲ ಹೇಳುವ ಬದಲು ಟಿವಿ ಮುಂದೆಯೇ ಹುರುಳಿಕಾಯಿ ಸೋಸುತ್ತಾ ಕೂತಳು.

ಆ ಎರಡು ದಿನದಲ್ಲಿ ನನ್ನ ಎರಡು ಊರೂ ತಮ್ಮ ತಮ್ಮ ಹುಡುಗರನ್ನು ಬಿಟ್ಟುಕೊಟ್ಟವು. ಬೆಂಗಳೂರಿನ ತಂಡದವರು ವಿರಾಟ್ ಕೊಹ್ಲಿ ಒಬ್ಬನನ್ನು ಉಳಿಸಿಕೊಂಡು ಮಿಕ್ಕವರನ್ನೆಲ್ಲ ಹರಾಜಿಗೆ ಬಿಟ್ಟಿದ್ದರು. ರಾಹುಲ್ ದ್ರಾವಿಡ್ 5 ಲಕ್ಷ ಡಾಲರಿಗೆ ರಾಜಸ್ಥಾನದ ಪಾಲಾದ, ಅದೂ ಬೆಂಗಳೂರಿನಲ್ಲೇ ಕೂಗಿದ ಹರಾಜಿನಲ್ಲಿ. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ನವರು ಯಾರನ್ನೂ ಉಳಿಸಿಕೊಂಡಿರಲಿಲ್ಲ. ವಿ.ವಿ.ಎಸ್. ಲಕ್ಷ್ಮಣ್ 4 ಲಕ್ಷ ಡಾಲರಿಗೆ ಕೊಚ್ಚಿಗೆ ಹೋದ. ಹೈದರಾಬಾದಿನಲ್ಲೇ ಹುಟ್ಟಿ, ಡಾಕ್ಟರ್ ಅಪ್ಪ ಅಮ್ಮನ ಮಗನಾಗಿಯೂ ಡಾಕ್ಟರಿಕೆ ಬಿಟ್ಟು ಬ್ಯಾಟು ಹಿಡಿದು, ರಣಜಿಯನ್ನೆಲ್ಲ ಹೈದರಾಬಾದಿಗೇ ಆಡಿದ ಲಕ್ಷ್ಮಣ್!

ಇದರಲ್ಲೊಂದು ಹಳೆಯ ಲೆಕ್ಕ ಇದೆ. ಬ್ಯಾಂಕಿನವನಾದ್ದರಿಂದ ಹೇಳದೆ ಇರಲಾರೆ. 2008ರಲ್ಲಿ ಐಪಿಎಲ್ ಶುರುವಾದಾಗ ಕೆಲವು ಊರುಗಳಿಗೆ ಒಬ್ಬೊಬ್ಬ 'ಐಕಾನ್' ಆಟಗಾರ. ಬೆಂಗಳೂರಿಗೆ ದ್ರಾವಿಡ್, ಕೋಲ್ಕತ್ತಕ್ಕೆ ಗಂಗೂಲಿ, ಮುಂಬೈಗೆ ತೆಂಡೂಲ್ಕರ್ ಹೀಗೆ. ತಂಡದಲ್ಲಿ ಅತಿ ಹೆಚ್ಚು ಬೆಲೆ ಪಡೆದವನಿಗಿಂತ ಐಕಾನಿಗೆ ಶೇಕಡಾ 15 ಹೆಚ್ಚು ಸಂಬಳ. ಹೈದರಾಬಾದಿನ ಐಕಾನ್ ಪಟ್ಟ ಲಕ್ಷ್ಮಣ್‌ಗೇ ಸಲ್ಲಬೇಕಿತ್ತು. ಆತ ಬೇಡವೆಂದ. ತಂಡದ ಗಂಟಿನಲ್ಲಿ ದುಡ್ಡು ಉಳಿಯಲಿ, ಒಳ್ಳೆಯ ಆಟಗಾರರನ್ನು ಕೊಳ್ಳಲಿ ಎಂದು. ಉಳಿದ ದುಡ್ಡಿನಲ್ಲಿ ಅವರು ಆಂಡ್ರೂ ಸೈಮಂಡ್ಸ್‌ನನ್ನು 13.5 ಲಕ್ಷ ಡಾಲರಿಗೆ ಕೊಂಡರು. ಲಕ್ಷ್ಮಣ್ ಹೋಗಿದ್ದು 3.75 ಲಕ್ಷಕ್ಕೆ. ಐಕಾನ್ ಆಗಿದ್ದರೆ ಸೈಮಂಡ್ಸ್ ಲೆಕ್ಕದಲ್ಲಿ ಹದಿನೈದೂವರೆ ಲಕ್ಷ. ಐಕಾನ್ ಆಗಿದ್ದರೆ ಸೈಮಂಡ್ಸ್‌ನನ್ನು ಕೊಳ್ಳಲು ದುಡ್ಡೇ ಇರುತ್ತಿರಲಿಲ್ಲ, ಅದು ಬೇರೆ ಮಾತು. ಆದರೂ ಮನೆಯ ಹಿರಿಮಗ ತನ್ನ ಪಾಲು ಬಿಟ್ಟುಕೊಟ್ಟು, ಮೂರೇ ವರ್ಷಕ್ಕೆ ಮನೆಯಿಂದ ಹೊರಗೆ ನಿಂತ ಹಾಗಾಯಿತು.

ಭಾನುವಾರ ಸಂಜೆ ಕಾಲು ಆಡಿಸಿಕೊಂಡು ಬರೋಣವೆಂದು ಮಾಮೂಲಿ ಇರಾನಿ ಹೋಟೆಲಿಗೆ ಹೋದೆ. ಗಲ್ಲಾದ ಮೇಲೆ ಕೂತಿದ್ದ ಚಾಚಾ ಚಿಲ್ಲರೆ ಎಣಿಸುತ್ತಾ, "ಕ್ಯಾ ಸಾಬ್, ಅಪ್ನೇ ಲಕ್ಷ್ಮಣ್ ಕೋ ಕೇರಳಾ ವಾಲೇ ಲೇಗಯೇ" ಎಂದರು. ಅಷ್ಟೇ. ಉಸ್ಮಾನಿಯಾ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು. ಸೋಮವಾರ ಬ್ರಾಂಚಿನಲ್ಲಿ ನನ್ನ ತೆಲುಗು ಸಹೋದ್ಯೋಗಿಯನ್ನು ಕೆಣಕಿದೆ. ಮೈಸೂರಿನ ಕಡೆಯವರ ಹಾಗಲ್ಲ, ಸಿಟ್ಟು ಬಂದರೆ ಟೇಬಲ್ ಗುದ್ದುವ ಮನುಷ್ಯ. ಆತನೂ "ಎಕ್ಕಡ ಆಡಿನಾ ಮನವಾಡೇ ಕದಂಡೀ" ಎಂದು ಲೆಡ್ಜರಿಗೆ ಮುಖ ತಿರುಗಿಸಿದ. ಎಲ್ಲಿ ಆಡಿದರೂ ನಮ್ಮವನೇ ಅಲ್ಲವೇ, ಎಂದು.

ನನಗೆ ಇದು ಅರ್ಥವಾಗಲಿಲ್ಲ. ಯಾಕೆಂದರೆ ಅದಕ್ಕೆ ಆರು ತಿಂಗಳ ಹಿಂದೆ ಅಮೆರಿಕದ ಒಹಾಯೊದಲ್ಲಿದ್ದ ನಮ್ಮಣ್ಣನ ಮಗ ಫೋನು ಮಾಡಿ, "ಚಿಕ್ಕಪ್ಪ, ಇಲ್ಲಿ ಜನ ಬೀದೀಲಿ ಅಂಗಿ ಸುಡ್ತಾ ಇದಾರೆ" ಎಂದಿದ್ದ. ಏನೋ ಗಲಾಟೆಯೆಂದು ಗಾಬರಿಯಾಗಿ ಕೇಳಿದರೆ ಬ್ಯಾಸ್ಕೆಟ್‌ಬಾಲ್ ವಿಷಯ. ಲೆಬ್ರಾನ್ ಜೇಮ್ಸ್ ಎಂಬ ಆಟಗಾರ ಕ್ಲೀವ್‌ಲ್ಯಾಂಡ್ ಪಕ್ಕದ ಆಕ್ರನ್ ಊರಿನ ಹುಡುಗ, ಏಳು ವರ್ಷ ಕ್ಲೀವ್‌ಲ್ಯಾಂಡ್ ತಂಡಕ್ಕೇ ಆಡಿದವ. 2010ರ ಜುಲೈ 8ರಂದು ಟಿವಿಯಲ್ಲಿ ಕೂತು, ನಾನು ಮಯಾಮಿಗೆ ಹೋಗುತ್ತೇನೆ ಎಂದುಬಿಟ್ಟ. ಅದೇ ರಾತ್ರಿ ಅವನ 23ನೇ ನಂಬರಿನ ಅಂಗಿಗಳಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮಯಾಮಿಯ ಪರವಾಗಿ ಅಲ್ಲಿಗೆ ಆಡಲು ಬಂದಾಗ ಅವನ ಕೈಗೆ ಚೆಂಡು ಬಂದಾಗಲೆಲ್ಲ ಇಡೀ ಕ್ರೀಡಾಂಗಣ ಹೋ ಎಂದು ಹಂಗಿಸಿತು. ಅವನೇ 2014ರಲ್ಲಿ ವಾಪಸು ಬಂದು, 2016ರಲ್ಲಿ ಆ ಊರಿಗೆ 52 ವರ್ಷದ ಮೇಲೆ ದೊಡ್ಡದೊಂದು ಪ್ರಶಸ್ತಿ ಗೆದ್ದುಕೊಟ್ಟಾಗ ಲಕ್ಷಾಂತರ ಜನ ಮೆರವಣಿಗೆಗೆ ಬಂದರಂತೆ. ಸುಟ್ಟವರೂ ಹೊಸ ಅಂಗಿ ಕೊಂಡಿರಬೇಕು.

ಅಷ್ಟು ದೂರ ಯಾಕೆ, ಕೋಲ್ಕತ್ತವನ್ನೇ ನೋಡಿ. ಇದೇ ಹರಾಜಿನಲ್ಲಿ ಗಂಗೂಲಿಯನ್ನು ಅವನ ಊರಿನ ತಂಡವೂ ಕೊಳ್ಳಲಿಲ್ಲ, ಬೇರೆಯವರೂ ಕೊಳ್ಳಲಿಲ್ಲ. ದಾದಾ ಇಲ್ಲದ ತಂಡ ನಮಗೆ ಬೇಡವೆಂದು ಬಂಗಾಳಿಗಳು ಫಲಕ ಹಿಡಿದು ಬೀದಿಗಿಳಿದರು. ಆಮೇಲೆ ಪುಣೆಯವರು ಕರೆದುಕೊಂಡರು. 2012ರ ಮೇ 5ರಂದು ಪುಣೆಯ ನಾಯಕನಾಗಿ ಈಡನ್ ಗಾರ್ಡನ್ಸ್‌ಗೆ ಬಂದಾಗ ಅರ್ಧ ಮೈದಾನ ತಮ್ಮ ಊರಿನ ತಂಡದ ವಿರುದ್ಧವೇ ಕೂಗಿತು.

ಹೈದರಾಬಾದಿನಲ್ಲಿ ಮಾತ್ರ ಬಿಸ್ಕತ್ತಿನ ತಟ್ಟೆ ಮುಂದೆ ಸರಿಯಿತು. ಯೋಚಿಸಿದರೆ ಒಂದು ಕಾರಣ ಹೊಳೆಯುತ್ತದೆ. ಚಾರ್ಜರ್ಸ್ ಮೂರು ವರ್ಷದ ಕೂಸು. 2010ರಲ್ಲಿ ತೆಲಂಗಾಣ ಚಳವಳಿಯ ಕಾರಣಕ್ಕೆ ಅದರ ಆಟಗಳೆಲ್ಲ ನಾಗಪುರ, ಕಟಕ್, ನವಿ ಮುಂಬೈಗೆ ಹೋಗಿದ್ದವು. ಊರಿನಲ್ಲೇ ಇರದ ತಂಡದ ಅಂಗಿ ಸುಡಲು ಯಾರ ಮನೆಯಲ್ಲಿ ಅಂಗಿ ಇತ್ತು? ನಮ್ಮ ಮನೆಯಲ್ಲಿ ಒಂದಿತ್ತು. ಅದು ನನ್ನ ಮಗನದು.

ಮಗ ಮೂರು ವರ್ಷದವನಿದ್ದಾಗ ಈ ಊರಿಗೆ ಬಂದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಗಲ್ಲಿಯಲ್ಲಿ 'ನಕ್ಕೋ', 'ಹೌ'. 2009ರ ಮೇ 24ರ ರಾತ್ರಿ ಜೋಹಾನ್ಸ್‌ಬರ್ಗಿನಲ್ಲಿ ಫೈನಲ್. ಬೆಂಗಳೂರಿಗೂ ಹೈದರಾಬಾದಿಗೂ! ಅವನು ಚಾರ್ಜರ್ಸ್ ಅಂಗಿ ತೊಟ್ಟು ಸೋಫಾದ ಆ ತುದಿ, ನಾನು ಈ ತುದಿ. ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕಳಿಸಿದಾಗ ನಾನು ಎದ್ದು ನಿಂತೆ. ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದ. ಆದರೂ ಆರು ರನ್ನಿನಿಂದ ಸೋತೆವು. ಮಗ ಕುಣಿದ. ಬೀದಿಯಲ್ಲಿ ಪಟಾಕಿ. ಬಾಲ್ಕನಿಗೆ ಹೋಗಿ ನಿಂತೆ. ಆ ಫೈನಲ್ಲಿನ ಹನ್ನೊಂದರಲ್ಲಿ ಲಕ್ಷ್ಮಣ್ ಇರಲಿಲ್ಲ ಎಂಬುದು ಆಗ ನಮ್ಮಿಬ್ಬರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಇನ್ನು ಭದ್ರಾವತಿಯ ನಮ್ಮಣ್ಣನ ವಿಷಯ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ನಮ್ಮದು ಎಂಬುದು ಅವನಿಗೆ ಪಿತ್ರಾರ್ಜಿತ ಆಸ್ತಿ. ಮಣಿಕಟ್ಟು ತಿರುಗಿಸಿ ಹೊಡೆಯುವವರೆಲ್ಲ ಅವನ ಪ್ರಕಾರ ವಿಶಿಯ ಶಿಷ್ಯರು. 2000ದ ರಣಜಿ ಸೆಮಿಫೈನಲ್ಲಿನಲ್ಲಿ ಲಕ್ಷ್ಮಣ್ ಬೆಂಗಳೂರಿಗೇ ಬಂದು ಕರ್ನಾಟಕದ ಮೇಲೆ 353 ಬಾರಿಸಿದಾಗ, "ನಿಮ್ಮೂರಿನವನಿಗೆ ಸ್ವಲ್ಪ ಹೇಳೋ" ಎಂದು ನನಗೆ ಫೋನಿನಲ್ಲಿ ಬೈದ. ಮರುವರ್ಷ ಕೋಲ್ಕತ್ತದಲ್ಲಿ ಅದೇ ಲಕ್ಷ್ಮಣ್ 281, ದ್ರಾವಿಡ್ 180, ಇಬ್ಬರೂ ಸೇರಿ 376 ರನ್ ಕೂಡಿಸಿ ನಾಲ್ಕನೇ ದಿನವಿಡೀ ಆಸ್ಟ್ರೇಲಿಯಾದವರಿಗೆ ಒಂದು ವಿಕೆಟ್ ಕೊಡದೆ ನಿಂತರಲ್ಲ, ಅಂದಿನಿಂದ ಎಲ್ಲ ಮಾಫಿ. "ನಿಮ್ಮವನೂ ನಮ್ಮವನೂ" ಎಂದು ಒಂದೇ ಉಸಿರಿಗೆ ಹೇಳತೊಡಗಿದ. ನಾನು ಹೈದರಾಬಾದಿಗೆ ಬಂದಮೇಲೆ ಅವನು ನನ್ನೊಂದಿಗೆ ನಗುನಗುತ್ತಾ ಮಾತಾಡಿದ್ದು ಕ್ರಿಕೆಟ್ಟಿನ ದೆಸೆಯಿಂದಲೇ.

ಹರಾಜು ಮುಗಿದ ಆ ಭಾನುವಾರ ರಾತ್ರಿ ಅವನಿಗೆ ಫೋನು ಮಾಡಿದೆ. ಇಬ್ಬರನ್ನೂ ಮಾರಿದರಲ್ಲ ಅಣ್ಣ, ಇನ್ನು ಬೆಂಗಳೂರು ತಂಡದ ಆಟ ನೋಡಲ್ಲ, ಊರಿನ ಹುಡುಗ ಊರು ಬಿಟ್ಟು ಹೋದಮೇಲೆ ಏನಿದೆ ಎಂದು ದೊಡ್ಡದಾಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅವರನ್ನಾದ್ರೂ ಬೇರೆಯವರು ಕಳಿಸಿದ್ರು ಕಣೋ" ಎಂದ.

ಈ ಮಾತಿನ ಹಿಂದಿನದನ್ನು ಹೇಳಲೇಬೇಕು. 1994ರಲ್ಲಿ ನಾನು ಭದ್ರಾವತಿಯ ಬ್ರಾಂಚಿನಲ್ಲಿ ಕ್ಲರ್ಕು. ಎಂ.ಕಾಂ. ಮಾಡಿ ಕೌಂಟರಿನಲ್ಲಿ ನೋಟು ಎಣಿಸಿ ಎಣಿಸಿ ಸಾಕಾಗಿತ್ತು. ಆಫೀಸರ್ ಪರೀಕ್ಷೆ ಬರೆದೆ, ಪಾಸಾಯಿತು, ಹೈದರಾಬಾದಿಗೆ ಹಾಕಿದರು. ಬಡ್ತಿ ಬೇಡವೆಂದು ಒಂದು ಸಾಲು ಬರೆದುಕೊಟ್ಟಿದ್ದರೆ ಅಲ್ಲೇ ಇರಬಹುದಿತ್ತು. ಹಾಗೆ ಬರೆದುಕೊಟ್ಟು ಉಳಿದವರು ನಮ್ಮ ಬ್ರಾಂಚಿನಲ್ಲೇ ಇಬ್ಬರಿದ್ದರು. ಮನೆಯಲ್ಲಿ ಅಮ್ಮನಿಗೆ ನಾನು ಹೇಳಿದ್ದೇ ಬೇರೆ: ಆರ್ಡರ್ ಬಂದಿದೆ, ಹೋಗದಿದ್ದರೆ ಕೆಲಸ ಹೋಗುತ್ತೆ, ಮೂರು ವರ್ಷ ಅಷ್ಟೇ. ಮೂರು ವರ್ಷ ಕಳೆದಮೇಲೆ ಊರಿನ ಕಡೆಗೆ ವರ್ಗ ಕೇಳಲೂ ಇಲ್ಲ. ಅಮ್ಮನಿಗೆ ಕಣ್ಣು ಮಂಜಾದಾಗ, ಕೊನೆಗೆ ಹಾಸಿಗೆ ಹಿಡಿದಾಗ ನೋಡಿಕೊಂಡವರು ಅಣ್ಣ ಅತ್ತಿಗೆ. ಅಮ್ಮ 2003ರಲ್ಲಿ ಹೋದರು. ಬ್ಯಾಂಕಿನವರು ಬಿಡಲಿಲ್ಲವೆಂದೇ ಅವರು ನಂಬಿದ್ದರು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ನೀನು ಹೋದ ತಿಂಗಳಿಗೇ. ನಿಮ್ಮ ಬ್ರಾಂಚಿನವರೇ ಹೇಳಿದ್ರು. ಅಮ್ಮನಿಗೆ ಹೇಳ್ಲಿಲ್ಲ."

ಹದಿನೇಳು ವರ್ಷ ಅಣ್ಣ ಇದನ್ನು ಇಟ್ಟುಕೊಂಡಿದ್ದ. ಬೆಂಕಿ ಹಚ್ಚಿದ್ದರೆ ನಾನೂ ಜಗಳವಾಡಿ, ಸಂಬಳ ಸಾಲುತ್ತಿರಲಿಲ್ಲ, ಮಗನ ಓದು ಎಂದೆಲ್ಲ ಹೇಳಿ ಹಗುರಾಗುತ್ತಿದ್ದೆನೋ ಏನೋ. ಫೋನಿಟ್ಟಮೇಲೆ ನಮ್ಮಾಕೆ "ಏನಂದ್ರು ಭಾವನವರು?" ಎಂದಳು. "ದ್ರಾವಿಡ್ ವಿಷಯ" ಎಂದೆ.

ಮುಂದೆ ಆಗಿದ್ದು ತಮಾಷೆ. ಲಕ್ಷ್ಮಣ್‌ನನ್ನು ಕೊಂಡ ಕೊಚ್ಚಿ ತಂಡ ಅದೇ ವರ್ಷ ಸೆಪ್ಟೆಂಬರಿನಲ್ಲಿ ರದ್ದಾಯಿತು. ಬಿಟ್ಟುಕೊಟ್ಟ ಚಾರ್ಜರ್ಸೂ 2012ರ ಸೆಪ್ಟೆಂಬರಿನಲ್ಲಿ ರದ್ದಾಯಿತು. ದ್ರಾವಿಡ್ 2012ರ ಏಪ್ರಿಲ್ 15ರಂದು ರಾಜಸ್ಥಾನದ ನಾಯಕನಾಗಿ ಚಿನ್ನಸ್ವಾಮಿಗೆ ಬಂದು ಬೆಂಗಳೂರನ್ನು 59 ರನ್ನಿನಿಂದ ಸೋಲಿಸಿದ. ನೋಡಲ್ಲ ಅಂದಿದ್ದೆನಲ್ಲ, ಪೂರ್ತಿ ನೋಡಿದೆ. ಯಾರು ಗೆಲ್ಲಲಿ ಎಂದುಕೊಳ್ಳುವುದೆಂದು ತಿಳಿಯದೆ ಪೂರ್ತಿ ನೋಡಿದ ಆಟ ಅದೊಂದೇ.

ಅದೇ ಆಗಸ್ಟಿನಲ್ಲಿ ಉಪ್ಪಲ್ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಟೆಸ್ಟ್. ಲಕ್ಷ್ಮಣ್ ಆಯ್ಕೆಯಾಗಿದ್ದ. ಊರಿನಲ್ಲೇ ಆಡುತ್ತಾನೆಂದು ನಾನೂ ಮಗನೂ ಟಿಕೆಟ್ ತೆಗೆದುಕೊಂಡೆವು. ಆಟಕ್ಕೆ ಐದು ದಿನ ಇರುವಾಗ, 18ರಂದು, ಅದೇ ಮೈದಾನದಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿ ಹೇಳಿಬಿಟ್ಟ, ಅವತ್ತಿನಿಂದಲೇ. 134 ಟೆಸ್ಟ್, 8781 ರನ್. ಒಂದು ಟೆಸ್ಟ್ ಆಡಿ, ಜನರ ಚಪ್ಪಾಳೆ ತೆಗೆದುಕೊಂಡು ಹೋಗಬಹುದಿತ್ತು. ಟಿಕೆಟ್ ಇತ್ತಲ್ಲ, 23ರಂದು ಹೋದೆವು. ಪೂಜಾರ ಶತಕ ಹೊಡೆದ. ಚೆನ್ನಾಗಿಯೇ ಹೊಡೆದ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಪ್ರತಿ ಬೌಂಡರಿಗೂ ಚಪ್ಪಾಳೆ ತಟ್ಟಿ, ಆಮೇಲೆ ಪೆವಿಲಿಯನ್ ಕಡೆಗೊಮ್ಮೆ ನೋಡುತ್ತಿದ್ದರು. ಯಾರನ್ನು ಹುಡುಕುತ್ತಿದ್ದಾರೆಂದು ಕೇಳುವ ಅಗತ್ಯವಿರಲಿಲ್ಲ.

ಮಗ 2014ರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋದ. "ನಮ್ಮೂರು ಬಿಟ್ಟು ಹೋಗೋಕೆ ಬೇಜಾರು ಪಪ್ಪಾ" ಎಂದು ಕಾಚಿಗುಡ ಸ್ಟೇಷನ್ನಿನಲ್ಲಿ ಹೇಳಿದಾಗ, ಯಾವ ಊರೆಂದು ಒಂದು ಕ್ಷಣ ಹೊಳೆಯಲಿಲ್ಲ. ಲಕ್ಷ್ಮಣ್ ಕೂಡ 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥನಾಗಿ ಹೋದ. ಅದಕ್ಕೆ ಮುಂಚೆ ಅಲ್ಲಿದ್ದವನು ದ್ರಾವಿಡ್. ನಿವೃತ್ತಿಯಾದರೂ ನಾನು ಇಲ್ಲೇ ಹಬ್ಸಿಗುಡದಲ್ಲಿದ್ದೇನೆ.

2025ರ ಏಪ್ರಿಲ್ 2ರ ರಾತ್ರಿ ಚಿನ್ನಸ್ವಾಮಿಯಲ್ಲಿ ಬೆಂಗಳೂರಿಗೂ ಗುಜರಾತಿಗೂ ಆಟ. ಗುಜರಾತಿನ ಕಡೆ ಮೊಹಮ್ಮದ್ ಸಿರಾಜ್, ಹೈದರಾಬಾದಿನ ಆಟೋ ಡ್ರೈವರ್ ಒಬ್ಬರ ಮಗ. ಏಳು ವರ್ಷ ಬೆಂಗಳೂರಿನ ಕೆಂಪಂಗಿ ತೊಟ್ಟು ಅಲ್ಲಿಯವನೇ ಆಗಿಹೋಗಿದ್ದ. ಆ ವರ್ಷ ಬೆಂಗಳೂರಿನವರು ಉಳಿಸಿಕೊಂಡಿರಲಿಲ್ಲ. ದೇವದತ್ತ ಪಡಿಕ್ಕಲ್‌ನನ್ನು ಬೌಲ್ಡ್ ಮಾಡಿದ. ಈ ಪಡಿಕ್ಕಲ್ ಕೇರಳದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಬೆಳೆಯುತ್ತಿದ್ದ ಹುಡುಗ. ಅವರ ಮನೆಯವರು ಬೆಂಗಳೂರಿಗೆ ಬಂದಿದ್ದು 2011ರಲ್ಲಿ, ಅದೇ ವರ್ಷ. ಕರ್ನಾಟಕಕ್ಕೆ ಆಡಿ, ರಾಜಸ್ಥಾನ, ಲಖನೌ ಸುತ್ತಿ ಮತ್ತೆ ಬೆಂಗಳೂರಿನ ಅಂಗಿ ತೊಟ್ಟಿದ್ದ. ಸಿರಾಜ್ 19 ರನ್ನಿಗೆ 3 ವಿಕೆಟ್ ತೆಗೆದ. ನಾಲ್ಕು ದಿನ ಬಿಟ್ಟು ನಮ್ಮ ಉಪ್ಪಲ್‌ಗೆ ಬಂದು ತನ್ನೂರಿನ ತಂಡದ ಮೇಲೂ 17 ರನ್ನಿಗೆ 4 ತೆಗೆದ, ಅದು ಆಮೇಲಿನ ಮಾತು.

ಪಡಿಕ್ಕಲ್ ಔಟಾದ ತಕ್ಷಣ ಫೋನು ಬಂತು. ಅಣ್ಣನೇ. ಈಗ ಕಿವಿ ಮಂದ, ಜೋರಾಗಿ ಮಾತಾಡುತ್ತಾನೆ.

"ಲೋ, ಆ ಹುಡುಗ ನಿಮ್ಮೋನೋ ನಮ್ಮೋನೋ?"

"ಯಾವ ಹುಡುಗ ಅಣ್ಣ, ಬೌಲ್ ಮಾಡಿದೋನೋ, ಔಟಾದೋನೋ?"

ಆ ಕಡೆಯಿಂದ ಟಿವಿಯ ಗದ್ದಲ ಕೇಳುತ್ತಿತ್ತು. ಅಲ್ಲಿಯ ಟಿವಿ ನಮ್ಮದಕ್ಕಿಂತ ಒಂದು ಬಾಲ್ ಹಿಂದೆ ಇರುತ್ತದೆ.

"ಹಂಗಾದ್ರೆ ಯಾರಿಗೆ ಬೈಯೋದೋ ಈಗ?" ಎಂದು ಅಣ್ಣ ನಗಲು ಶುರುಮಾಡಿದ. ನಗು ಕೆಮ್ಮಿಗೆ ತಿರುಗಿತು. ಅತ್ತಿಗೆ ನೀರು ತಂದುಕೊಡುವವರೆಗೆ ನಾನು ಫೋನು ಹಿಡಿದುಕೊಂಡೇ ಇದ್ದೆ.